ಹಬ್ಬದ ದಿನದ ನೂರನಲವತ್ಮೂರು ಮೆಸೇಜು

ಹೀರಾಳಿಗೆ ಮೂರನೆಯ ವರ್ಷದಲ್ಲಿ ಬಂದ ಜ್ವರ ಇಳಿದು ಹೋಗುವಾಗ ಕಿವಿಯನ್ನೂ ಕೊಂಡೊಯ್ದಿತ್ತು. ಧಾರವಾಡದ ಕಡೆಯ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಊರಾದ ಅವರ್ಸಾಕ್ಕೆ ಮರಳಿದ ಮೇಲೆ ಅಂಕೋಲೆಯ ಒಂದು ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ಲಗ್ನಪತ್ರಿಕೆಯಿರಲಿ, ಸೊಸೈಟಿಯ ವರದಿಯಿರಲಿ, ಅವಳು ಟೈಪು ಮಾಡಿದ್ದನ್ನು ಯಜಮಾನರು ಎರಡನೆಯ ಸಲ ನೋಡುತ್ತಿರಲಿಲ್ಲ.

ಮೊದಲ ಸಂಬಳದಲ್ಲಿ ಅವಳು ಮೊಬೈಲು ತಂದಾಗ ನೆರೆಮನೆಯ ಗೋದಾವರಿ, “ಕೇಳೂದೇ ಇಲ್ಲ, ಇವ್ಳಿಗೆ ಫೋನ್ ಎಂತಕ್ಕೆ?” ಎಂದು ನಕ್ಕಿದ್ದಳು. ವಾಟ್ಸಾಪು ಇನ್ನೂ ಆ ಕಡೆ ಕಾಲಿಡದ ವರ್ಷಗಳು ಅವು. ತಿಂಗಳಿಗಿಷ್ಟು ಎಂದು ಕಟ್ಟಿದರೆ ಎಷ್ಟು ಬೇಕಾದರೂ ಮೆಸೇಜು ಕಳಿಸಬಹುದಾದ ಪ್ಯಾಕು ಹಾಕಿಸಿಕೊಂಡ ಹೀರಾ, ಹಂಚಿಹೋಗಿದ್ದ ಶಾಲೆಯ ಗೆಳತಿಯರ ಜೊತೆ ಮತ್ತೆ ಮಾತಿಗೆ ಕೂತಳು. ಅಪ್ಪ ಮಂಗೇಶ ಅಂಕೋಲಾ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಗ್ರೀಸು ಹತ್ತಿದ ಹೆಬ್ಬೆರಳಿನಿಂದ ಒಂದೊಂದೇ ಗುಂಡಿ ಒತ್ತುವುದನ್ನು ಮಗಳಿಗಾಗಿ ಕಲಿತ. ಅಮ್ಮ ಜಯಂತಿಗೆ ಅದು ಬೇಕಾಗಿರಲಿಲ್ಲ. ತಾಯಿ ಮಗಳು ಇಬ್ಬರೂ ಸೇರಿ ಕಟ್ಟಿಕೊಂಡ ಕೈಸನ್ನೆಯಲ್ಲಿ ಜಗಳವೂ ಸಾಗುತ್ತಿತ್ತು.

ಆ ವರ್ಷ ಚೌತಿಯ ಹಿಂದಿನ ದಿನ ಜಯಂತಿ ಎದೆ ಹಿಡಿದುಕೊಂಡು ಕುಸಿದಳು. ಮಂಗೇಶ ರಿಕ್ಷಾ ತರಿಸಿ ಕಾರವಾರದ ಆಸ್ಪತ್ರೆಗೆ ಹೊರಟ. ಅಷ್ಟರಲ್ಲಿ ಗಣಪತಿ ಮನೆಗೆ ಬಂದಾಗಿತ್ತು. ಹೀರಾ ತಾನೂ ಬರುತ್ತೇನೆಂದು ರಿಕ್ಷಾದ ಸರಳು ಹಿಡಿದುಕೊಂಡಳು. ಜಯಂತಿ ಮಲಗಿದಲ್ಲಿಂದಲೇ ಕೈಯಾಡಿಸಿದಳು: ದೇವರನ್ನು ಒಂಟಿ ಬಿಡಬೇಡ, ಮುಳುಗಿಸಿ ಬಾ.

ಎರಡು ದಿನ ಹೀರಾ ಅಡಿಗೆಮನೆಗೂ ದೇವರ ಕೋಣೆಗೂ ಓಡಾಡುತ್ತ ಅಪ್ಪನಿಗೆ ಮೆಸೇಜು ಕಳಿಸಿದಳು. ಅಮ್ಮ ಎಚ್ಚರ ಇದ್ದಾಳಾ? ಡಾಕ್ಟರು ಬಂದರಾ? ಮಂಗೇಶ ಹೆಂಡತಿ ಹೇಳಿದ್ದನ್ನೇ ಒತ್ತಿ ಕಳಿಸುತ್ತಿದ್ದ. ಮೇಲೆ ತೂಗುವ ಫಲಾವಳಿಯ ಹಣ್ಣು ಬಿಗಿಯಾಗಿ ಕಟ್ಟು, ದೇವರ ತಲೆಯ ಮೇಲೆ ಬಿದ್ದೀತು. ಪಂಚಕಜ್ಜಾಯಕ್ಕೆ ಏಲಕ್ಕಿ ಜಾಸ್ತಿ ಹಾಕಬೇಡ. ನನ್ನ ಹಸಿರು ಸೀರೆ ಉಟ್ಟುಕೋ. ಉಟ್ಟಿದ್ದೇನೆ ಎಂದು ಹೀರಾ ಬರೆದಳು. ಸೆರಗು ಉದ್ದವಾಯಿತು ಎಂದೂ ಬರೆದಳು.

ಪಂಚಮಿಯ ಸಂಜೆ ಗಣಪತಿಯನ್ನು ಕಳಿಸಿ, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿದಳು. ಅವಳು ಆಸ್ಪತ್ರೆ ಮುಟ್ಟುವಾಗ ಜಯಂತಿಯ ಕಣ್ಣು ಮುಚ್ಚಿತ್ತು, ಕೈಗೆ ನಳಿಗೆ ಚುಚ್ಚಿ ಕಟ್ಟಿದ್ದರು. ಆ ಕೈಗಳು ಮತ್ತೆ ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಜಯಂತಿ ತೀರಿಕೊಂಡಳು.

ಹದಿಮೂರನೆಯ ದಿನ ಕಳೆದು ಒಂದು ವಾರಕ್ಕೆ ಫೋನಿನ ಬಿಲ್ಲು ಬಂತು. ಎಂದಿನ ಮೊತ್ತದ ಕೆಳಗೆ ಹೊಸದೊಂದು ಸಾಲು: ಹಬ್ಬದ ದಿನದ ಶುಭಾಶಯ ಸಂದೇಶ, ೧೪೩. ಒಂದೊಂದಕ್ಕೆ ಒಂದು ರೂಪಾಯಿ.

ಮಂಗೇಶ ಬಿಲ್ಲು ಮಡಚಿ, ಮಗಳಿಗೆ ತುಟಿ ಕಾಣುವಂತೆ ನಿಧಾನವಾಗಿ ಹೇಳಿದ, “ಹೋಗ್ಲಿ ಬಿಡು ಮಗಾ. ಕಟ್ಟಿ ಬಿಡ್ತೆ ನಾನು.”

ಹೀರಾ ಬಿಲ್ಲನ್ನು ಮತ್ತೆ ಬಿಡಿಸಿ ಒಂದು ಪದದ ಮೇಲೆ ಬೆರಳಿಟ್ಟಳು. ಶುಭಾಶಯ. ದುಡ್ಡಿನ ಮಾತೇ ಅಲ್ಲ ಎಂಬಂತೆ ತಲೆಯಾಡಿಸಿದಳು.

ಮಾರನೆಯ ದಿನ ರಜೆ ಹಾಕಿ ಒಬ್ಬಳೇ ಕಾರವಾರಕ್ಕೆ ಹೋದಳು. ಫೋನ್ ಕಂಪನಿಯ ಕೌಂಟರಿನಲ್ಲಿದ್ದ ಸೂರಜ್ ಎಂಬ ಹುಡುಗ ಬಿಲ್ಲು ನೋಡಿ, “ಚೌತಿ, ಪಂಚಮಿ ಎರಡೂ ಹಬ್ಬದ ದಿನ, ಪ್ಯಾಕ್ ನಡೂದಿಲ್ಲ ಅಕ್ಕಾ. ಎಲ್ಲಾ ವಿಶ್ ಮಾಡ್ತಾರಲ್ಲ, ಅದ್ಕೆ. ದೂರು ಇದ್ರೆ ಈ ನಂಬರಿಗೆ ಫೋನ್ ಮಾಡಿ,” ಎಂದು ಚೀಟಿ ಬರೆದು ಕೊಟ್ಟ.

ಹೀರಾ ಅದೇ ಚೀಟಿಯ ಹಿಂದೆ ಬರೆದಳು: ನನಗೆ ಕೇಳುವುದಿಲ್ಲ.

ಸೂರಜನ ಮುಖ ಕೆಂಪಾಯಿತು. ತಾನೇ ಆ ನಂಬರಿಗೆ ಫೋನು ಹಚ್ಚಿ ಬಹಳ ಹೊತ್ತು ಮಾತಾಡಿದ. ನಡುವೆ ಒಮ್ಮೆ ಫೋನನ್ನು ಅವಳ ಕಡೆ ಚಾಚಿ, ತಟ್ಟನೆ ನೆನಪಾದಂತೆ ಹಿಂದಕ್ಕೆಳೆದುಕೊಂಡ. ಕೊನೆಗೆ ಬರೆದ: ಗಿರಾಕಿಯೇ ಸ್ವತಃ ಮಾತಾಡಬೇಕಂತೆ. ಇಲ್ಲದಿದ್ದರೆ ದೂರು ತೆಗೆದುಕೊಳ್ಳುವುದಿಲ್ಲವಂತೆ.

ಹೀರಾ ಬಿಳಿ ಹಾಳೆ ಕೇಳಿ ಪಡೆದು, ನಿಂತಲ್ಲೇ ಅರ್ಜಿ ಬರೆದಳು.

“ಆ ಎರಡು ದಿನ ನಾನು ಯಾರಿಗೂ ಶುಭಾಶಯ ಕಳಿಸಿಲ್ಲ. ನೂರನಲವತ್ಮೂರೂ ಒಂದೇ ನಂಬರಿಗೆ ಹೋಗಿವೆ, ಅದು ನನ್ನ ತಂದೆಯದು. ಅವರು ಆಸ್ಪತ್ರೆಯಲ್ಲಿ ನನ್ನ ತಾಯಿಯ ಪಕ್ಕದಲ್ಲಿದ್ದರು. ತಾಯಿ ಈಗ ಇಲ್ಲ. ನಾನು ಮಾತಾಡುವುದು ಹೀಗೆಯೇ. ದುಡ್ಡು ಕಟ್ಟಿಸಿಕೊಳ್ಳುವುದಾದರೆ ಕಟ್ಟಿಸಿಕೊಳ್ಳಿ, ಆದರೆ ಅದನ್ನು ಶುಭಾಶಯ ಎಂದು ಬರೆಯಬೇಡಿ.”

ಸೂರಜ್ ಅದನ್ನು ಎರಡು ಸಲ ಓದಿದ. ಅರ್ಜಿಗೆ ಕಂಪನಿಯ ಸಿಕ್ಕಾ ಹೊಡೆದು ಒಂದು ಪ್ರತಿ ಅವಳಿಗೆ ಕೊಟ್ಟ. ಅವಳು ಬಿಲ್ಲು ಕಟ್ಟದೆ ಹಿಂದಿರುಗಿದಳು.

ಉತ್ತರ ಬರಲು ಒಂದು ತಿಂಗಳಾಯಿತು. ಈ ಬಾರಿಗೆ ಮಾತ್ರ ನೂರನಲವತ್ಮೂರು ರೂಪಾಯಿ ಬಿಟ್ಟಿದ್ದೇವೆ, ಹಬ್ಬದ ದಿನದ ನಿಯಮದಲ್ಲಿ ಬದಲಾವಣೆಯಿಲ್ಲ ಎಂದು ಎರಡು ಸಾಲು. ಶುಭಾಶಯದ ವಿಷಯ ಅದರಲ್ಲಿ ಇರಲಿಲ್ಲ. ಮಂಗೇಶನಿಗೆ ಸಮಾಧಾನವಾಯಿತು. ಹೀರಾಳಿಗೆ ಆಗಲಿಲ್ಲ. ದೀಪಾವಳಿ ಹತ್ತಿರವಿತ್ತು. ಅವಳು ಶಾಲೆಯ ಗೆಳತಿಯರನ್ನು ಒಬ್ಬೊಬ್ಬರನ್ನಾಗಿ ನೆನೆದು, ಮೂವತ್ತಕ್ಕೂ ಹೆಚ್ಚು ಜನರಿಗೆ ಎಚ್ಚರಿಕೆ ಕಳಿಸಿದಳು: ಹಬ್ಬದ ದಿನ ನಮ್ಮ ಮಾತಿಗೆ ಬೇರೆ ದುಡ್ಡು ಹಿಡಿಯುತ್ತಾರೆ, ಜಾಗ್ರತೆ.

ಸಾವಾದ ಮನೆ. ಆ ವರ್ಷ ಅಲ್ಲಿ ಹಬ್ಬವಿರಲಿಲ್ಲ. ದೀಪಾವಳಿಯ ದಿನ ಫೋನೂ ಸುಮ್ಮನಿತ್ತು. ಮಧ್ಯಾಹ್ನ ಅಪ್ಪನಿಗೆ ಗಂಜಿ ಬಡಿಸುತ್ತಿದ್ದಾಗ ಅದು ಒಮ್ಮೆ ನಡುಗಿತು. ಕುಮಟಾದ ದುರ್ಗಿ, ಶಾಲೆಯಲ್ಲಿ ಅವಳ ಪಕ್ಕದ ಮಂಚದವಳು, ಬರೆದಿದ್ದಳು: “ಊಟ ಮಾಡಿದ್ಯಾ? ದುಡ್ಡು ಹೋದ್ರೆ ಹೋಗ್ಲಿ.”

ಹೀರಾ ಕೈ ಒರೆಸಿಕೊಂಡು ಅಪ್ಪನ ಪಕ್ಕ ಕೂತಳು. ದುರ್ಗಿಗೆ ಉತ್ತರ ಬರೆಯತೊಡಗಿದಳು. ಅಂದು ಅವಳು ಮೆಸೇಜುಗಳನ್ನು ಎಣಿಸಲಿಲ್ಲ.