ಕಂಡಕ್ಟರ್ ಸೋಲುವವರೆಗೆ

ಆ ಬೆಳಿಗ್ಗೆಯೂ ಅವಳು ಪ್ರಶ್ನೆಯನ್ನು ಪೂರ್ತಿ ಕೇಳಲಿಲ್ಲ. ಒಲೆಯ ಮೇಲೆ ಹಾಲಿತ್ತು. ಕಣ್ಣು ಅದರ ಮೇಲಿತ್ತು.

ಗಂಡ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು, "ಲಿಫ್ಟಿನೊಳಗೆ ಗುಂಡಿಗಳಿರ್ತಾವಲ್ಲ..." ಅಂತ ಶುರು ಮಾಡಿದ.

"ಸೋತೆ," ಅಂದಳು.

"ಇನ್ನೂ ಕೇಳೇ ಇಲ್ಲ ಕಣೇ!"

"ಕೇಳಿದ್ರೂ ಸೋಲೋಳೇ ತಾನೇ. ಉತ್ತರ ಹೇಳಿ ಸ್ನಾನಕ್ಕೆ ಹೋಗ್ರೀ."

ಅವನು ಬಿಡುವ ಆಸಾಮಿಯಲ್ಲ. "ಯಾವ ಗುಂಡಿ ಎಲ್ಲಕ್ಕಿಂತ ಮೊದಲು ಸವೆಯುತ್ತೆ?"

"ಕೆಳಗಡೇದು. ಇಳಿಯೋಕೆ ಎಲ್ರೂ ಅದನ್ನೇ ಒತ್ತಬೇಕಲ್ಲ."

"ತಪ್ಪು! ಬಾಗಿಲು ಮುಚ್ಚೋ ಗುಂಡಿ. ಬಾಗಿಲು ತಾನಾಗೇ ಮುಚ್ಚುತ್ತೆ, ಆದ್ರೂ ಜನ ಕುಟ್ಟೇ ಕುಟ್ತಾರೆ. ಎಷ್ಟು ಸಲ ಬದಲಾಯಿಸಿದೀನಿ ಗೊತ್ತಾ?"

ಅಷ್ಟರಲ್ಲಿ ಹಾಲು ಉಕ್ಕಿತು. "ನಿಮ್ಮ ಗುಂಡಿ ಮನೆ ಹಾಳಾಗ," ಅಂತ ಅವಳು ಒಲೆ ಆರಿಸಿದಳು. ಅವನು ನಗುತ್ತಲೇ ಫೋನನ್ನು ಬಾಯಿ ಹತ್ತಿರ ಹಿಡಿದು, ಅದೇ ಪ್ರಶ್ನೆಯನ್ನು ತನ್ನ ಗುಂಪಿಗೆ ಎಸೆದ.

ಅವನು ಲಿಫ್ಟ್ ರಿಪೇರಿ ಮಾಡುವವನು. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ ಯಂತ್ರದ ಕೋಣೆ ಇರುತ್ತದೆ. ಅವನ ಆಯಸ್ಸು ಅಲ್ಲೇ ಕಳೆಯಿತು. ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚಿ ಹಚ್ಚಿ ಬೆರಳು ಕಪ್ಪಾಗಿದ್ದವು. ಎಷ್ಟು ಸೋಪು ಹಾಕಿದರೂ ಉಗುರಿನ ಸಂದಿಯದು ಹೋಗುತ್ತಿರಲಿಲ್ಲ. ಆ ದಪ್ಪ ಬೆರಳಿಗೆ ಫೋನಿನ ಅಕ್ಷರ ಸಿಗುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿರಲಿಲ್ಲ, ಮಾತಾಡಿ ಕಳಿಸುತ್ತಿದ್ದ. ಅವನನ್ನು ನೋಡಿ ಗುಂಪಿನವರೂ ಹಾಗೇ ಮಾಡುತ್ತಿದ್ದರು.

ಗುಂಪು ಹುಟ್ಟಿದ್ದೂ ಲಿಫ್ಟಿನಲ್ಲೇ. ಒಳಗೆ ಸಿಕ್ಕಿಬಿದ್ದ ಜನ ಹೆದರಿ ಕಿರುಚಾಡಿದರೆ ಇವನು ಹೊರಗಿನಿಂದ ಒಂದು ಒಗಟು ಹಾಕುತ್ತಿದ್ದ. ಅವರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಇವನು ಕೆಲಸ ಮುಗಿಸಿ ಬಾಗಿಲು ತೆಗೆಯುತ್ತಿದ್ದ. ಒಂದು ಸಲ ಒಬ್ಬ ನರ್ಸು, ಒಬ್ಬ ಟೈಲರ್, ಕೆಲಸದಿಂದ ನಿವೃತ್ತನಾದ ಒಬ್ಬ ಬಸ್ ಕಂಡಕ್ಟರ್ ಒಟ್ಟಿಗೆ ಸಿಕ್ಕಿಬಿದ್ದಿದ್ದರು. ಬಾಗಿಲು ತೆರೆದಾಗ ಕಂಡಕ್ಟರ್ ಹೊರಗೆ ಬರಲೇ ಇಲ್ಲವಂತೆ. "ಮೊದಲು ಉತ್ತರ ಹೇಳಯ್ಯ, ಆಮೇಲೆ ಇಳೀತೀನಿ," ಅಂದನಂತೆ. "ಸೋತೆ ಅನ್ನಿ, ಹೇಳ್ತೀನಿ," ಅಂದನಂತೆ ಇವನು. ಇಬ್ಬರೂ ಜಗ್ಗಲಿಲ್ಲ. ಕೊನೆಗೆ ನರ್ಸು ಎಲ್ಲರ ನಂಬರ್ ತೆಗೆದುಕೊಂಡು, ಜಗಳ ಫೋನಿನಲ್ಲಿ ಮುಂದುವರಿಯಲಿ ಅಂದಳು. ಗುಂಪಿಗೆ 'ಸಿಕ್ಕಿಬಿದ್ದವರು' ಅಂತ ಹೆಸರಿಟ್ಟಳು. ಆಮೇಲೆ ಅವರು ಒಬ್ಬರ ಮುಖ ಒಬ್ಬರು ನೋಡಿದ್ದಿಲ್ಲ.

ಗುಂಪಿನ ಕಟ್ಟಳೆ ಒಂದೇ. ಎಲ್ಲರೂ ಬಾಯಿಬಿಟ್ಟು 'ಸೋತೆ' ಅನ್ನುವವರೆಗೆ ಕೇಳಿದವನು ಉತ್ತರ ಹೇಳಬಾರದು. ಇವನಂತೂ ಪ್ರಶ್ನೆ ಎಸೆದು ಬಾಯಿಗೆ ಬೀಗ ಹಾಕಿ ಕೂತುಬಿಡುತ್ತಿದ್ದ. ಒಂದೊಂದು ಸಲ ವಾರಗಟ್ಟಲೆ. ಸರಿಯುತ್ತರ ಬಂದರೆ ಮಾತ್ರ ಬೀಗ ತೆಗೆಯುತ್ತಿದ್ದ. ಅವರು ಬೈದಷ್ಟೂ ಇವನಿಗೆ ಹಬ್ಬ.

ಗುಂಡಿಯ ಪ್ರಶ್ನೆ ಎಸೆದ ಮಾರನೇ ದಿನ ಅವನು ಕೆಲಸಕ್ಕೆ ಹೋದ. ಯಂತ್ರದ ಕೋಣೆಯಲ್ಲಿ ಗೋಡೆಗೆ ಒರಗಿ ಕೂತ. ಸುಸ್ತಾಗಿರಬೇಕು ಅಂತ ಜೊತೆಯವನು ಅಂದುಕೊಂಡ. ಆಮೇಲೆ ಕೂಗಿದ. ಅವನು ಏಳಲಿಲ್ಲ. ಎದೆಬಡಿತ ನಿಂತುಹೋಗಿತ್ತು.

ಬಂದವರು ಬಂದರು, ಹೋದವರು ಹೋದರು. ಎಲ್ಲರೂ ಒಂದೇ ಮಾತು: ಒಳ್ಳೆಯವನು, ಪುಣ್ಯವಂತ, ನರಳಲಿಲ್ಲ. ಕೇಳಿ ಕೇಳಿ ಅವಳ ಕಿವಿ ಮರಗಟ್ಟಿತು. ಮಗಳು ನೆಂಟರಿಗೆ ತಿಳಿಸಿದಳು, ಕಂಪನಿಗೆ ತಿಳಿಸಿದಳು. ಗುಂಪಿನವರ ನೆನಪು ಯಾರಿಗೂ ಬರಲಿಲ್ಲ.

ಕೆಲಸದ ಕಡೆಯಿಂದ ಅವನ ಬಟ್ಟೆಯ ಗಂಟಿನ ಜೊತೆ ಬಂದ ಫೋನು ಒಂದು ಮಧ್ಯಾಹ್ನ ಟಿಣ್ ಅಂತು. ಅವಳು ಓದಿದ್ದು ಮೂರನೇ ಕ್ಲಾಸು. ಆದರೆ ಎಲ್ಲಿ ಒತ್ತಿದರೆ ಮಾತು ಬರುತ್ತದೆ ಅಂತ ನೋಡಿ ಗೊತ್ತಿತ್ತು. ಒತ್ತಿದಳು.

"ಏನಯ್ಯಾ ಲಿಫ್ಟಪ್ಪ," ಕಂಡಕ್ಟರನ ಒಡಕು ಗಂಟಲು, "ಬಾಯಲ್ಲಿ ಏನಿಟ್ಕೊಂಡಿದೀಯ? ಕೆಳಗಿನ ಗುಂಡಿ ಅಂದೆ, ಮೇಲಿನ ಗುಂಡಿ ಅಂದೆ. ಹೂಂ ಇಲ್ಲ, ಊಹೂಂ ಇಲ್ಲ. ನೀನು ಎಷ್ಟು ದಿನ ಸುಮ್ನಿದ್ರೂ ನಾನು ಸೋತೆ ಅನ್ನಲ್ಲ. ಮೊಂಡ! ಮಹಾ ಮೊಂಡ!"

ಅವಳು ಫೋನನ್ನು ಕಿವಿಯ ಹತ್ತಿರ ತಂದಳು. ಮತ್ತೆ ಒತ್ತಿದಳು. ಮತ್ತೆ ಮೊಂಡ ಅಂತು. ಇಷ್ಟು ದಿನದಲ್ಲಿ ಅವನನ್ನು ಯಾರೂ ಬೈದಿರಲಿಲ್ಲ. ಸತ್ತವರನ್ನು ಯಾರು ಬೈಯುತ್ತಾರೆ?

ಮಗಳಿಗೆ ಗೊತ್ತಾಯಿತು. "ಅಮ್ಮಾ, ಪಾಪ ಅವರಿಗೇನು ಗೊತ್ತು. ನಾನು ಹೇಳ್ಲಾ?"

"ಮುಟ್ಟಬೇಡ. ನಾನೇ ಹೇಳ್ತೀನಿ."

ಹೇಳಲಿಲ್ಲ. ಮನೆಯಲ್ಲಿ ಅವನಿಲ್ಲ, ಕೆಲಸದಲ್ಲಿ ಅವನಿಲ್ಲ. ಆ ಗುಂಪಿನಲ್ಲಿ ಮಾತ್ರ ಇದ್ದ. ಅಲ್ಲಿ ಅವನು ಹಟ ಹಿಡಿದು ಸುಮ್ಮನೆ ಕೂತಿದ್ದ, ಅಷ್ಟೆ.

ಉತ್ತರ ಗೊತ್ತಿದ್ದವಳು ಅವಳೊಬ್ಬಳೇ. ಫೋನು ಸದ್ದು ಮಾಡಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿ ಬರುತ್ತಿದ್ದಳು. ಯಾರಾದರೂ ಸರಿಯಾಗಿ ಹೇಳಿಬಿಟ್ಟರೆ? ಆಗ ಅವನು ಬಾಯಿ ಬಿಡಲೇಬೇಕಲ್ಲ. ಒಂದು ಸಲ ನರ್ಸು, "ಗಂಟೆ ಗುಂಡೀನಾ ಅಣ್ಣ? ಅಪಾಯ ಆದ್ರೆ ಒತ್ತೋದು?" ಅಂದಳು. ಇವಳಿಗೆ ಹೋದ ಜೀವ ಬಂದಂತಾಯಿತು. ಅದಲ್ಲ.

ಆದರೆ ನರ್ಸಿಗೆ ಪುರುಸೊತ್ತಿಲ್ಲ. "ಸೋತೆ ಅಣ್ಣ, ನನಗೆ ಡ್ಯೂಟಿ ಇದೆ," ಅಂದುಬಿಟ್ಟಳು. ಕೆಲವು ದಿನ ಬಿಟ್ಟು ಟೈಲರ್ ಕೂಡ ಹೊಲಿಗೆ ಯಂತ್ರದ ಸದ್ದಿನ ನಡುವೆ, "ಸೋತೆ ಗುರುವೇ, ಗಿರಾಕಿ ಕಾಯ್ತಾ ಇದಾರೆ," ಅಂದ.

ಉಳಿದವನು ಕಂಡಕ್ಟರ್ ಒಬ್ಬ. ಅವಳು ಪಾತ್ರೆ ಉಜ್ಜುತ್ತಾ ಮನಸ್ಸಿನಲ್ಲೇ ಅವನಿಗೆ ಹೇಳುತ್ತಿದ್ದಳು: ಸೋಲಬೇಡ ಕಣಪ್ಪ. ನೀನೂ ಮೊಂಡನಾಗಿರು.

ಅವನು ಬೈದ, ಹಂಗಿಸಿದ, ಬಾಯಿಗೆ ಬಂದ ಗುಂಡಿಯ ಹೆಸರೆಲ್ಲ ಹೇಳಿದ. ಒಂದು ಸಂಜೆ ಅವನ ದನಿ ಬೇರೆಯಾಗಿತ್ತು.

"ಲಿಫ್ಟಪ್ಪ, ಮನೆ ಖಾಲಿ ಹೊಡೀತಾ ಇದೆ ಮಾರಾಯ. ನಿನ್ನ ದನಿ ಕೇಳ್ದೆ ಬೆಳಗಾಗಲ್ಲ ನನಗೆ. ತಗೋ, ಸೋತೆ. ಸಾಕಾ? ಉತ್ತರ ಹೇಳದಿದ್ರೂ ಪರವಾಗಿಲ್ಲ, ಏನಾದ್ರೂ ಮಾತಾಡು."

ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಾಗಿಲಾಚೆ ಯಾರೋ ಮೆಟ್ಟಿಲು ಹತ್ತಿ ಹೋದರು. ಇನ್ನು ಸುಮ್ಮನಿದ್ದರೆ ಅದು ಅವನ ಹಟವಲ್ಲ, ತನ್ನ ಕಳ್ಳತನ ಅನ್ನಿಸಿತು. ಮಾತು ಕಳಿಸುವ ಗುಂಡಿ ಒತ್ತಿ ಹಿಡಿದಳು.

"ನಾನು ಅವರ ಹೆಂಡ್ತಿ. ಅವರಿಲ್ಲ. ಪ್ರಶ್ನೆ ಕೇಳಿದ ಮಾರನೇ ದಿನಾನೇ ಹೋದ್ರು. ಉತ್ತರ, ಬಾಗಿಲು ಮುಚ್ಚೋ ಗುಂಡಿ. ತಾನಾಗೇ ಮುಚ್ಚೋ ಬಾಗಿಲಿಗೆ ಜನ ಸುಮ್ನೆ ಕುಟ್ತಾರಂತೆ."

ಬೆರಳು ತೆಗೆದಳು. ಹೋಯಿತು.

ಆಮೇಲೆ ಕಂಡಕ್ಟರನೇ ಕರೆ ಮಾಡಿದ.

"ತಂಗೀ, ನಾನು ಅವನನ್ನ ಮೊಂಡ ಅಂದುಬಿಟ್ಟೆ. ಹೋದವನನ್ನ ದಿನಾ ಬೈದೆ."

"ಬೈದದ್ದು ಒಳ್ಳೇದಾಯ್ತು ಅಣ್ಣ. ಎಲ್ರೂ ದೇವರಂಥವರು ಅಂತಿದ್ರು. ಅವರು ದೇವರಲ್ಲ. ಮೊಂಡರೇ."

ಆ ಕಡೆ ಅವನು ಅತ್ತ. ಈ ಕಡೆ ಅವಳೂ ಅತ್ತಳು. ಗಂಡ ಹೋದ ಮೇಲೆ ಅವಳು ಬಾಯಿಬಿಟ್ಟು ಅತ್ತದ್ದು ಅದೇ ಮೊದಲು. ಮಗಳು ಓಡಿ ಬಂದು ಬಾಗಿಲಲ್ಲೇ ನಿಂತಳು.

ಗುಂಪು ಬಹಳ ದಿನ ತಣ್ಣಗಿತ್ತು. ಆಮೇಲೆ ನರ್ಸು ಒಂದು ಸಣ್ಣ ಒಗಟು ಹಾಕಿದಳು, ಟೈಲರ್ ಏನೋ ಅಂದ. ಈಗ ಮತ್ತೆ ನಡೆಯುತ್ತಿದೆ. ಇವಳು ಬಾಯಿ ಹಾಕುವುದಿಲ್ಲ. ಕೇಳಿಸಿಕೊಳ್ಳುತ್ತಾಳೆ.

ಹಳೆಯ ಫೋನು, ಜಾಗ ಕಡಿಮೆ. ತುಂಬಿಹೋದರೆ ಕೆಲಸ ಮಾಡುವುದಿಲ್ಲ. ಹಳೇ ಮಾತುಗಳನ್ನು ತೆಗೆದುಬಿಡು ಅಂತ ಮೊಬೈಲ್ ಅಂಗಡಿಯವನು ಹೇಳಿದ. ಅವಳು ಫೋನು ಕಿತ್ತುಕೊಂಡು ಬಂದಳು. ಗಂಡನ ದನಿ ಇರುವುದು ಅದರಲ್ಲಿ.

ಊರ ತುಂಬ ನೆಂಟರು ಆ ಫೋನಿಗೆ ದಿನಾ ಶುಭೋದಯ ಅಂತ ಹೂವಿನ ಚಿತ್ರ ಕಳಿಸಿ ಜಾಗ ತುಂಬಿಸುತ್ತಾರೆ. ಬೆಳಿಗ್ಗೆ ಎದ್ದು ಮುಖ ತೊಳೆದು, ಕನ್ನಡಕ ಹಾಕಿಕೊಂಡು ಅವಳು ಕಿಟಕಿಯ ಹತ್ತಿರ ಕೂರುತ್ತಾಳೆ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾಳೆ, ಜಾರಬಾರದು ಅಂತ. ಒಂದೊಂದೇ ಹೂವನ್ನು ಹುಡುಕಿ ಅಳಿಸುತ್ತಾಳೆ.