ವಾಲ್ಡಾ ಹಾಕದ ಹಾಡು

ಆಸ್ಟ್ರೇಲಿಯಾದ ಮರುಭೂಮಿಯ ಪುಟ್ಟ ಊರು ವಿಲ್ಸನ್ ಬೋರ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಂಬಳಿಯನ್ನು ತಲೆ ಮೇಲಿಂದ ಹೊದ್ದುಕೊಂಡು, ಕೈಯಲ್ಲಿ ಟೀ ಲೋಟ ಹಿಡಿದು, ವಾಲ್ಡಾ ಕೆಂಪು ಮಣ್ಣಿನ ದಾರಿಯಲ್ಲಿ ನಡೆದು ಬರುತ್ತಾಳೆ. ಹಿಂದೆ ಅವಳವೇ ಎನ್ನಬಹುದಾದ ಮೂರು ನಾಯಿ, ಯಾರವೂ ಅಲ್ಲದ ಇನ್ನೊಂದಿಷ್ಟು. ರೇಡಿಯೋ ಕೋಣೆಯ ಬಾಗಿಲಿಗೆ ಒಂದು ಒದೆ ಕೊಟ್ಟ ಮೇಲೆಯೇ ಬೀಗ ತಿರುಗುವುದು. ಒಳಗೆ ಹೋಗಿ, ಲಂಗದ ಅಂಚಿನಿಂದ ಮೈಕಿನ ಧೂಳು ಒರೆಸಿ, ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತುತ್ತಾಳೆ. ಊರಿನ ಕಂಬಗಳ ಮೇಲಿನ ಸ್ಪೀಕರ್‌ಗಳು ಕೆಮ್ಮಿಕೊಂಡು ಏಳುತ್ತವೆ.

"ಎದ್ರಾ ಎಲ್ಲಾರೂ? ಏಳ್ರಪ್ಪಾ, ಶುಕ್ರವಾರ ಇವತ್ತು. ಕಣ್ಣಿನ ಡಾಕ್ಟ್ರು ಬರ್ತಾರೆ, ಕ್ಲಿನಿಕ್ಕಿಗೆ ಹೋಗಿ. ಕ್ಲಿಫರ್ಡ್, ಹೋದ್ಸಲದ ಥರ ಬಚ್ಚಿಟ್ಕೋಬೇಡ, ನಿನಗೇ ಹೇಳ್ತಿರೋದು. ಬಿಳಿ ಟೊಯೋಟಾದ ಸ್ಟೆಪ್ನಿ ತಗೊಂಡೋರು ವಾಪಸ್ ತಂದಿಡಿ. ಯಾರು ಅಂತ ನಾನು ಹೇಳಲ್ಲ. ನಿಮ್ಮಮ್ಮನೇ ಹೇಳ್ತಾಳೆ."

ಆಮೇಲೆ ಒಂದು ಹಳೆಯ ಗಿಟಾರ್ ಹಾಡು. ಅದು ಮುಗಿಯುತ್ತಲೇ ಇನ್ನೊಂದು. ಪ್ರತಿ ಹಾಡನ್ನೂ ಅವಳೇ ಹುಡುಕಿ, ಅವಳೇ ಕೈಯಾರೆ ಹಚ್ಚುತ್ತಾಳೆ. ಮೂಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಹಿಂದಿನ ದಿನವೇ ಹಾಡುಗಳನ್ನು ಜೋಡಿಸಿಟ್ಟರೆ ಹೊತ್ತಿಗೆ ಸರಿಯಾಗಿ ತಾನೇ ಹಾಕಿಕೊಳ್ಳುವ ಯಂತ್ರ. ಅದರ ಮೇಲೆ ಹೂವಿನ ಚಿತ್ರದ ಟವೆಲ್ ಹೊದಿಸಿ, ಟವೆಲ್ ಮೇಲೆ ಸಕ್ಕರೆ ಡಬ್ಬಿ ಇಟ್ಟಿದ್ದಾಳೆ. ಅದನ್ನು ಬಳಸಿದರೆ ಬೆಳಿಗ್ಗೆ ಇಷ್ಟು ಬೇಗ ಏಳಬೇಕಿಲ್ಲವಲ್ಲ ಎಂದರೆ, "ಅದರ ಸಹವಾಸ ಸಾಕು" ಎಂದಷ್ಟೇ ಹೇಳಿ ಟೀ ಗುಟುಕರಿಸುತ್ತಾಳೆ.

ಇಷ್ಟೆಲ್ಲ ಹಾಡು ಹಾಕುವ ಈ ಹೆಂಗಸು ಎರಡು ವರ್ಷದಿಂದ ಒಂದು ಹಾಡನ್ನು ಮಾತ್ರ ಹಾಕಿಲ್ಲ. ಅದು ಆಸ್ಟ್ರೇಲಿಯಾದ ಮೂಲೆಮೂಲೆಯಲ್ಲೂ ಕೇಳುವ ಹಾಡು. ಫುಟ್‌ಬಾಲ್ ಫೈನಲ್ ದಿನ ಇಡೀ ಕ್ರೀಡಾಂಗಣ ಎದ್ದು ನಿಂತು ಕೂಗಿದ ಹಾಡು. ಅದನ್ನು ಕಟ್ಟಿದ ರ್‍ಯಾಪ್ ಹುಡುಗ ಕ್ವಿಂಟನ್ ಇದೇ ಊರಿನವನು, ಇದೇ ತಗಡಿನ ಕೋಣೆಯಲ್ಲಿ ಅದನ್ನು ಮೊದಲು ಹಾಡಿದವನು. ಅವನ ಮುಖ ಇಂದು ಮೆಲ್ಬರ್ನ್‌ನ ಬಸ್ಸುಗಳ ಮೇಲಿದೆ. ಅವನ ಬೆನ್ನಿಗೆ ಯಾರಿದ್ದರು ಎಂದು ಪತ್ರಿಕೆಗಳು ಬರೆದಾಗಲೆಲ್ಲ ದೊಡ್ಡ ದೊಡ್ಡ ಹೆಸರುಗಳು ಬರುತ್ತವೆ. ವಾಲ್ಡಾ ಹೆಸರು ಬಂದಿದ್ದನ್ನು ಯಾರೂ ಕಂಡಿಲ್ಲ. ಅವಳೂ ಹುಡುಕಿಲ್ಲ.

ಕ್ವಿಂಟನ್‌ನ ಅಪ್ಪ ಜೈಲಿನಲ್ಲಿದ್ದ. ಅಮ್ಮ ಅಡಿಲೇಡ್ ಕಡೆ ಹೋದವಳು, ಬಂದರೆ ಬಂದಳು, ಇಲ್ಲದಿದ್ದರೆ ಇಲ್ಲ. ಅವನನ್ನು ಸಾಕಿದ್ದು ಅಜ್ಜಿ ಮತ್ತು ಅವಳ ಹಿರಿಮಗಳು ಮೇವಿಸ್. ಅಜ್ಜಿಯ ತಂಗಿಯ ಮಗಳು ವಾಲ್ಡಾ. ಹಾಗಾಗಿ ಹುಡುಗನಿಗೆ ಮೇವಿಸ್ ದೊಡ್ಡಮ್ಮ, ವಾಲ್ಡಾ ಚಿಕ್ಕಮ್ಮ. ಮೂವರು ತಾಯಂದಿರು ಸೇರಿಯೂ ಅವನನ್ನು ಹಿಡಿದಿಡಲು ಆಗುತ್ತಿರಲಿಲ್ಲ. ಶಾಲೆಯಿಂದ ಹೊರಗೆ ಹಾಕಿಸಿಕೊಂಡ, ಅಂಗಡಿಯ ಹಿಂದೆ ಕೆಟ್ಟು ನಿಂತಿದ್ದ ಕಾರಿನೊಳಗೆ ಮಲಗಿದ, ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಯಾರದೋ ಗಾಡಿ ಓಡಿಸಿಕೊಂಡು ಹೋಗಿ ಒಂದು ಬೇಸಿಗೆ ಪೂರ್ತಿ ಒಳಗಿದ್ದು ಬಂದ. ರೇಡಿಯೋ ಕೋಣೆಗೆ ಅವನು ಕಾಲಿಟ್ಟಿದ್ದು ಹಾಡಿಗಾಗಿ ಅಲ್ಲ, ಅಲ್ಲಿ ಏಸಿ ಇತ್ತು ಅಂತ.

"ಬಂದು ನೆಲದ ಮೇಲೆ ಬಿದ್ಕೋತಿದ್ದ. ಮೈಕಲ್ಲಿ ನಾನು ಮಾತಾಡ್ತಿದ್ರೆ ಕೆಳಗಿಂದ ಅಣಕಿಸ್ತಿದ್ದ. ಏನೋ ಪ್ರಾಸ ಕಟ್ಟಿ ನನ್ನ ಹಲ್ಲಿಗೆ, ನನ್ನ ನಾಯಿಗೆ ಎಲ್ಲಾ ಬೈಯೋನು. ನಗು ತಡೆಯಕ್ಕಾಗದೆ, ‘ಏ ಕತ್ತೆ, ಬೈಯೋದಿದ್ರೆ ಇಲ್ಲಿ ಬಂದು ಮೈಕಲ್ಲಿ ಬೈ’ ಅಂದೆ. ಅಷ್ಟೇ ನಾನು ಮಾಡಿದ್ದು."

ಅಷ್ಟೇ ಅಲ್ಲ. ಮನೆಮನೆಯಿಂದ ಹಾಸಿಗೆ ಎತ್ತಿಕೊಂಡು ಬಂದು ಗೋಡೆಗೆ ಒರಗಿಸಿ ಕೋಣೆಯ ಸದ್ದು ಅಡಗಿಸಿದವಳು ಅವಳು. ಹುಡುಗ ಸಿಟ್ಟಿನಲ್ಲಿ ಅಳಿಸಿಹಾಕಿದ್ದನ್ನು ಗುಟ್ಟಾಗಿ ಇನ್ನೊಂದು ಕಡೆ ಉಳಿಸಿಟ್ಟವಳು ಅವಳು. ಅವನ ಹಾಡನ್ನು ನಗರದ ರೇಡಿಯೋಗಳಿಗೆ ಕಳಿಸಿ, ಉತ್ತರ ಬಾರದಿದ್ದರೆ ಫೋನ್ ಮಾಡಿ ಜಗಳ ತೆಗೆದವಳೂ ಅವಳೇ.

ಇನ್ನು ಆ ಹಾಡಿನ ವಿಷಯ. ಸಂಜೆಯಾದರೆ ಊರಿನ ಮಕ್ಕಳೆಲ್ಲ ಒಣಗಿದ ಹಳ್ಳದ ಕಡೆ ಓಡಿಹೋಗಿರುತ್ತಿದ್ದರು. ಅಜ್ಜಿ ರೇಡಿಯೋ ಕೋಣೆಗೆ ಬಂದು, ಮೈಕ್ ಕಿತ್ತುಕೊಂಡು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಮನೆಗೆ ಕರೆಯುತ್ತಿದ್ದಳು. ಅವಳ ಮಾತುಗಳನ್ನು ಹಾಗೆಯೇ ಇಲ್ಲಿ ಬರೆಯುವುದು ಸಲ್ಲ. ಬೆಂಕಿ ಹೊತ್ತಿಸಿದ್ದೇನೆ, ಕಾಂಗರೂ ಬಾಲ ಕೆಂಡದಲ್ಲಿದೆ, ಕತ್ತಲಾಗುವ ಮೊದಲು ಬಂದುಬಿಡಿ ಎಂಬುದು ಅದರ ಅರ್ಥ. ಕೊನೆಯ ಹೆಸರು ಯಾವಾಗಲೂ ಕ್ವಿಂಟನ್‌ನದು, ಜೊತೆಗೊಂದು ಬೈಗುಳ. ಮನೆಯಲ್ಲಿ ಮೇವಿಸ್ ಎರಡು ಬಾಲ ಸುಡುತ್ತಿದ್ದಳು. ಒಂದು ಮನೆಯವರಿಗೆ, ಇನ್ನೊಂದು ತಡಮಾಡಿ ಬರುವ ಆ ಹುಡುಗನಿಗೆ.

ಆ ಕರೆಯನ್ನು ವಾಲ್ಡಾ ಒಂದು ಸಂಜೆ ಸುಮ್ಮನೆ ರೆಕಾರ್ಡ್ ಮಾಡಿಟ್ಟಿದ್ದಳು. ಕ್ವಿಂಟನ್ ಅದನ್ನು ಕೇಳಿದ, ಕತ್ತರಿಸಿದ, ಕೆಳಗೆ ಡೋಲಿನ ಸದ್ದು ಸೇರಿಸಿದ. ತನ್ನ ಕಥೆಯನ್ನೆಲ್ಲ, ಕೆಟ್ಟ ಕಾರನ್ನೂ ಜೈಲನ್ನೂ, ಅವನು ಒಂದೇ ಉಸಿರಲ್ಲಿ ಹೇಳುತ್ತಾ ಹೋಗುತ್ತಾನೆ. ಮಧ್ಯೆ ಮಧ್ಯೆ ಅಜ್ಜಿಯ ದನಿ ಬಂದು ಮನೆಗೆ ಕರೆಯುತ್ತದೆ. ಕೇಳಿದವರ ಎದೆ ಕರಗಿಹೋಯಿತು. ಒಂದೇ ವರ್ಷದಲ್ಲಿ ಹುಡುಗ ದೊಡ್ಡ ವೇದಿಕೆ ಹತ್ತಿದ, ಪ್ರಶಸ್ತಿ ಹಿಡಿದ, ಹೊರದೇಶಗಳನ್ನೂ ಕಂಡ.

ಅಜ್ಜಿಗಂತೂ ಹಿಗ್ಗೋ ಹಿಗ್ಗು. ಆಗ ಅವಳು ಡಯಾಲಿಸಿಸ್‌ಗಾಗಿ ಆಲಿಸ್ ಸ್ಪ್ರಿಂಗ್ಸ್‌ನಲ್ಲಿದ್ದಳು. "ಸೂಪರ್ ಮಾರ್ಕೆಟ್ಟಲ್ಲಿ ಅವಳ ದನಿ ಬಂದ್ರೆ ಸಾಕು, ಗಲ್ಲಾದ ಹುಡುಗಿ ಹತ್ರ ಹೋಗಿ ‘ಅದು ನಾನೇ, ನೋಡು, ಬಿಸ್ಕತ್ತಿಗೆ ಕಡಿಮೆ ಮಾಡ್ಕೋ’ ಅನ್ನೋಳು" ಎಂದು ವಾಲ್ಡಾ ನಗುತ್ತಾಳೆ. ನಗು ಬಹಳ ಹೊತ್ತು ಉಳಿಯುವುದಿಲ್ಲ.

ಎರಡು ಚಳಿಗಾಲದ ಹಿಂದೆ ಅಜ್ಜಿ ತೀರಿಕೊಂಡಳು. ಇಲ್ಲಿನ ಮೂಲನಿವಾಸಿಗಳ ಪದ್ಧತಿಯಲ್ಲಿ ಹೋದವರ ಹೆಸರು ಹೇಳುವಂತಿಲ್ಲ, ಚಿತ್ರ ನೋಡುವಂತಿಲ್ಲ, ದನಿ ಕೇಳುವಂತಿಲ್ಲ. ಹತ್ತಿರದವರು ಇನ್ನು ಸಾಕು ಎನ್ನುವ ತನಕ ಅವರನ್ನು ಸುಮ್ಮನಿರಲು ಬಿಡಬೇಕು. ಅದೇ ಹೆಸರಿದ್ದ ಶಾಲೆಯ ಅಡುಗೆಯವಳನ್ನು ಆ ದಿನದಿಂದ ಎಲ್ಲರೂ ಕುಮಂಜಾಯಿ ಎಂದೇ ಕರೆಯುತ್ತಾರೆ, ಹೇಳಬಾರದ ಹೆಸರಿನ ಜಾಗದಲ್ಲಿ ಬರುವ ಹೆಸರು ಅದು. ಸುದ್ದಿ ಬಂದ ಸಂಜೆಯೇ ಊರವರು ಮನೆ ಬಿಟ್ಟು, ಆಚೆ ಮರದ ಕೊಂಬೆಗಳ ಕೆಳಗೆ ಶೋಕದ ಬಿಡಾರ ಹೂಡಿದರು. ವಾಲ್ಡಾ ಇದ್ದಬದ್ದದ್ದನ್ನೆಲ್ಲ ಬಿಟ್ಟು ಓಡಿದಳು. ಮೈಗೆ ಬಿಳಿ ಮಣ್ಣು ಬಳಿದುಕೊಂಡು ಮೇವಿಸ್‌ನ ಮೈಗೆ ಮೈ ಒರಗಿಸಿ ಬೆಳಗಿನವರೆಗೂ ಅತ್ತಳು.

ಅವಳು ಮರೆತದ್ದು ಯಂತ್ರವನ್ನು. ಹುಡುಗನ ಮೇಲಿನ ಹೆಮ್ಮೆಗೆ ಆ ಹಾಡನ್ನು ದಿನಾ ಬೆಳಿಗ್ಗೆ ಎಲ್ಲಕ್ಕಿಂತ ಮೊದಲು ಬರುವಂತೆ ಜೋಡಿಸಿಟ್ಟಿದ್ದಳು. ಬೆಳಕು ಹರಿಯುತ್ತಿದ್ದಂತೆ, ಖಾಲಿ ಊರಿನ ಕಂಬಗಳ ಮೇಲಿಂದ, ಸತ್ತವಳು ಎಲ್ಲರನ್ನೂ ಮನೆಗೆ ಕರೆದಳು.

"ನಾಯಿಗಳು ಎದ್ದು ಊರ ಕಡೆ ಓಡಿದ್ವು. ಚಿಕ್ಕಮಕ್ಕಳು ‘ಅಜ್ಜಿ ಬಂದ್ಲು’ ಅಂತ ಎದ್ದು ನಿಂತ್ವು. ಮೇವಿಸ್ ಕಲ್ಲು ತಗೊಂಡು ತಲೆ ತಲೆ ಹೊಡ್ಕೊಂಡ್ಲು. ನಾನು ಓಡಿದೆ, ಚಪ್ಪಲಿ ಇಲ್ಲದೆ, ಮುಳ್ಳಲ್ಲಿ. ಬೀಗದ ಕೈ ಬಿಡಾರದಲ್ಲೇ ಬಿಟ್ಟಿದ್ದೆ. ಬಾಗಿಲು ಒದ್ದೆ ಒದ್ದೆ, ತೆಗೀಲಿಲ್ಲ. ಹಾಡು ಪೂರ್ತಿ ಮುಗೀತು. ನಾನು ಹೊರಗೆ ನಿಂತು ಕೇಳಿದೆ."

ಇದನ್ನು ಹೇಳುವಾಗ ವಾಲ್ಡಾ ಮುಖ ಎತ್ತುವುದಿಲ್ಲ. ಟವೆಲ್ ಮೇಲಿನ ಸಕ್ಕರೆಯ ಹರಳುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡುತ್ತಾಳೆ. ಯಾರೂ ಅವಳಿಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎನ್ನುತ್ತಾಳೆ. ಮೇವಿಸ್ ಅಂದಿನಿಂದ ಅವಳ ಜೊತೆ ಮಾತು ಬಿಟ್ಟಳು. ಊರನ್ನೂ ಬಿಟ್ಟು, ಸ್ಪೀಕರ್ ಕಂಬಗಳಿಲ್ಲದ ದೂರದ ಬಿಡಾರಕ್ಕೆ ಹೋಗಿ ಒಬ್ಬಳೇ ಉಳಿದಳು. ಸಾಮಾನಿಗಾಗಿ ಬರುವ ದಿನ ಬಿಟ್ಟರೆ ಈ ಕಡೆ ಮುಖ ಹಾಕುವುದಿಲ್ಲ.

ಕ್ವಿಂಟನ್ ಹೊರದೇಶದಿಂದ ಎರಡು ದಿನ ಹಾರಿಕೊಂಡು ಬಂದ. ಕೂದಲು ಬೋಳಿಸಿಕೊಂಡು ನೆಲದ ಮೇಲೆ ಕೂತ. ಹೊರಡುವ ದಿನ ಮೇವಿಸ್ ಅವನ ಎರಡೂ ಕೆನ್ನೆ ಹಿಡಿದು ಒಂದೇ ಮಾತು ಹೇಳಿದಳು: "ಅವಳ ದನಿ ನಿಲ್ಲಿಸು ಮಗನೇ. ನಿಲ್ಲಿಸಿ ಬಾ."

ನಿಲ್ಲಿಸುವುದು ಅವನ ಕೈಯಲ್ಲಿರಲಿಲ್ಲ. ಹಾಡು ಕಂಪನಿಯದಾಗಿತ್ತು, ಜಾಹೀರಾತಿನದಾಗಿತ್ತು, ಊರೂರಿನ ಮೊಬೈಲ್‌ಗಳದಾಗಿತ್ತು. ತನ್ನ ವೇದಿಕೆಯಲ್ಲಿ ಅಜ್ಜಿಯ ದನಿ ತೆಗೆಸಿ, ಆ ಜಾಗ ಬಂದಾಗ ಬಾಯಿ ಮುಚ್ಚಿ ನಿಲ್ಲತೊಡಗಿದ. ಆದರೆ ಸಾವಿರಾರು ಜನ, ಪಾಪ, ಪ್ರೀತಿಯಿಂದಲೇ, ಆ ಮಾತುಗಳನ್ನು ಒಟ್ಟಾಗಿ ಕೂಗಿ ಖಾಲಿ ಜಾಗ ತುಂಬಿದರು. ಒಂದು ಸಲ ಅವನು ಅರ್ಧಕ್ಕೇ ಇಳಿದುಹೋದ. ಹೆಸರು ಬಂದ ಮೇಲೆ ತಲೆ ತಿರುಗಿದೆ ಎಂದು ಪತ್ರಿಕೆಗಳು ಬರೆದವು. ಅದನ್ನು ಓದಿದ ದಿನ ವಾಲ್ಡಾ ಮೈಕಿನಲ್ಲಿ ಆ ಪತ್ರಿಕೆಗೆ ಬೈದ ಬೈಗುಳ ಊರಿಗೆಲ್ಲ ಈಗಲೂ ನೆನಪಿದೆ.

ಹೀಗೆ ಮೇಲೆ ಹೋದ ಹುಡುಗನಿಗೆ ಮೇಲೆ ಕರೆದೊಯ್ದ ಹಾಡೇ ಅಡ್ಡ ನಿಂತಿದೆ. ಎರಡು ವರ್ಷವಾದರೂ ಅವನು ಊರಿಗೆ ಬಂದಿಲ್ಲ. ಶುಕ್ರವಾರ ಬೆಳಿಗ್ಗೆ ಮಾತ್ರ, ಎಲ್ಲ ಕೇಳುಗರ ಹಾಗೆ, ರೇಡಿಯೋಗೆ ಫೋನ್ ಮಾಡಿ ಒಂದು ಹಳೆಯ ಗಿಟಾರ್ ಹಾಡು ಕೇಳುತ್ತಾನೆ, ದೊಡ್ಡಮ್ಮನಿಗಾಗಿ. "ಒಬ್ಬ ಮಗ ಒಬ್ಬ ತಾಯಿಗಾಗಿ ಕೇಳಿದ್ದಾನೆ" ಎಂದು ವಾಲ್ಡಾ ಹೆಸರಿಲ್ಲದೆ ಹೇಳುತ್ತಾಳೆ. ದೂರದ ಬಿಡಾರದಲ್ಲಿ ಒಂದು ಚಿಕ್ಕ ರೇಡಿಯೋ ಇದೆ ಎಂಬುದು ಊರಿಗೆಲ್ಲ ಗೊತ್ತು. ಅದು ಶುಕ್ರವಾರ ಹಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಅಂದಿನಿಂದ ವಾಲ್ಡಾ ಯಂತ್ರವನ್ನು ನಂಬಿಲ್ಲ. ಜ್ವರ ಬಂದರೂ ಬರುತ್ತಾಳೆ, ಮೊಣಕಾಲು ಊದಿದ ಚಳಿಯಲ್ಲೂ ಬರುತ್ತಾಳೆ. ದಾರಿಯಲ್ಲಿ ಪ್ರವಾಸಿಗರ ಕಾರು ಆ ಹಾಡು ಹಾಕಿಕೊಂಡು ಬಂದರೆ ಊರ ಬಾಗಿಲಲ್ಲೇ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾಳೆ. ಹುಡುಗರ ಮೊಬೈಲಿನಲ್ಲಿ ಕೇಳಿದರೆ ಕಿವಿ ಹಿಂಡುತ್ತಾಳೆ. "ಜನ ಏನೇನೋ ದೊಡ್ಡ ಕೆಲಸ ಮಾಡ್ತಾರಪ್ಪ. ನಾನು ಒಂದು ಹಾಡು ಹಾಕದೇ ಇರೋ ಕೆಲಸ ಮಾಡ್ತೀನಿ" ಎನ್ನುವಾಗ ಅವಳ ದನಿಯಲ್ಲಿ ತಮಾಷೆಯೂ ಇದೆ, ನೋವೂ ಇದೆ.

ಇವತ್ತೂ ಗಿಟಾರ್ ಹಾಡು ಮುಗಿಯುವ ಹೊತ್ತಿಗೆ ಫೋನ್ ರಿಂಗಾಗುತ್ತದೆ. ಮೈಕ್ ಆರಿಸಿ ಎತ್ತಿಕೊಳ್ಳುತ್ತಾಳೆ. ಹಳೆಯ ಫೋನು, ಆ ಕಡೆಯ ಮಾತು ಕೋಣೆಗೆಲ್ಲ ಕೇಳುತ್ತದೆ.

"ಚಿಕ್ಕಮ್ಮಾ, ಅದೇ ಹಾಡು."

"ಅದನ್ನ ಕೇಳಿ ಕೇಳಿ ನನ್ನ ನಾಯಿಗಳಿಗೂ ಬಾಯಿಪಾಠ ಆಗಿದೆ ಕಣೋ. ಬೇರೆ ಯಾವ್ದಾದ್ರೂ ಹೇಳು."

"ಅವಳಿಗೆ ಅದೇ ಇಷ್ಟ."

"ಹೂಂ. ಊಟ ಮಾಡ್ತಿದ್ದೀಯಾ? ಟಿ.ವಿ.ಲಿ ನೋಡ್ದೆ, ಕಡ್ಡಿ ಆಗಿದ್ದೀಯ." ವಾಲ್ಡಾ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸುತ್ತಾಳೆ. "ನಿನ್ನೆ ಮೇವಿಸ್ ಅಂಗಡಿಗೆ ಬಂದಿದ್ಲು. ಎರಡು ಬಾಲ ತಗೊಂಡ್ಲು."

"ಒಬ್ಬಳಿಗೆ ಎರಡ್ಯಾಕೆ?"

"ನನ್ನನ್ನ ಕೇಳಿದ್ರೆ? ನನ್ನ ಹತ್ರ ಮಾತಾಡ್ತಾಳಾ ಅವಳು? ಚೀಲದಲ್ಲಿ ಹಾಕ್ಕೊಂಡ್ಲು, ಹೋದ್ಲು. ನಾನು ಟೀ ಪುಡಿ ಹಿಂದೆ ನಿಂತು ನೋಡಿದೆ."

"ಚಿಕ್ಕಮ್ಮಾ, ನಿನ್ನೆ ಇಲ್ಲಿ ಪೆಟ್ರೋಲ್ ಬಂಕಲ್ಲೂ ಅಜ್ಜಿ ದನಿ ಬರ್ತಿತ್ತು. ಗಾಡಿ ಬಿಟ್ಟು ಓಡಿಬಂದೆ. ನಿಲ್ಲಿಸಿ ಬಾ ಅಂದಿದ್ಲು ದೊಡ್ಡಮ್ಮ. ನಿಂತಿಲ್ಲ. ಯಾವ ಮುಖ ಇಟ್ಕೊಂಡು ಬರಲಿ?"

ಹೊರಗೆ ಬಿಸಿಲು ಕಂಬಗಳ ತುದಿಗೆ ಬಂದಿದೆ. ವಾಲ್ಡಾ ಕಂಬಳಿಯ ಅಂಚಿನಿಂದ ಕಣ್ಣು ಒತ್ತಿಕೊಳ್ಳುತ್ತಾಳೆ. ಅವನು ಕೇಳಿದ ಹಾಡನ್ನು ಹುಡುಕಿ, ಹಚ್ಚಿ, ಕಂಬಗಳ ಮೇಲೆ ಗಿಟಾರ್ ಶುರುವಾದ ಮೇಲೆ ಮತ್ತೆ ಫೋನಿಗೆ ಬಾಯಿ ಇಡುತ್ತಾಳೆ.

"ಇಲ್ಲಿ ನಿಂತಿದೆ ಕಣೋ. ಅವತ್ತಿನ ಮೇಲೆ ಈ ಊರ ಕಂಬದಲ್ಲಿ ಅವಳ ದನಿ ಒಂದೇ ಒಂದು ದಿನ ಬಂದಿಲ್ಲ, ನಾನಿದ್ದೀನಿ. ಇಷ್ಟು ಸಾಕಾ ಅಂತ ಮೇವಿಸ್‌ನ ನಾನು ಕೇಳಕ್ಕಾಗಲ್ಲ. ನೀನೇ ಬಂದು ಕೇಳು."