ತೆಂಡಾಯಿ ಕಲಿತ ಎರಡು ‘ನಮ್ಮ’

ಒಂದೇ ಒಂದು ಪದದಿಂದ ಸ್ನೇಹಿತನನ್ನು ಕಳೆದುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನಿದ್ದೇನೆ. ಮೊನ್ನೆ ಭಾನುವಾರ, ಚಿಂತಾಮಣಿಯ ನಮ್ಮ ಮನೆಯ ಹಜಾರದಲ್ಲಿ, ಕೈಯಲ್ಲಿ ಕೇಸರಿಬಾತಿನ ತಟ್ಟೆ ಹಿಡಿದುಕೊಂಡೇ ಆ ಘನಕಾರ್ಯ ಮಾಡಿದೆ.

ತೆಂಡಾಯಿ ನಿಮಗೆ ಗೊತ್ತು. ಜಿಂಬಾಬ್ವೆಯವನು. ಬೆಂಗಳೂರಿನಲ್ಲಿ ಪಾದ್ರಿಯಾಗಲು ಓದುತ್ತಾ, ಟ್ರೈನಿಂಗಿಗೆಂದು ನಮ್ಮ ಚರ್ಚಿಗೆ ಬಂದವನು. (ಇದೇ ಅಂಕಣದಲ್ಲಿ ಅವನನ್ನು ಹೊಗಳಿ, ಬಣ್ಣ ನೋಡದ ನಮ್ಮ ಚರ್ಚನ್ನು ಅದಕ್ಕಿಂತ ಹೆಚ್ಚು ಹೊಗಳಿ ಬರೆದಿದ್ದೆ. ನೀವೂ ಮೆಚ್ಚಿ ಕಾಗದ ಹಾಕಿದ್ದಿರಿ. ದಯವಿಟ್ಟು ಆ ಮೆಚ್ಚುಗೆ ವಾಪಸ್ ತೆಗೆದುಕೊಳ್ಳಿ.) ನಮ್ಮ ಬೀದಿಯವರ ಬಾಯಲ್ಲಿ ಅವನು ಎರಡೇ ದಿನಕ್ಕೆ ತೆಂಡಾಯಪ್ಪನಾಗಿದ್ದ.

ನಮ್ಮ ಮನೆಮಾತು ತೆಲುಗು. ಅಮ್ಮನಿಂದ ಅವನೂ ಕಲಿತ. ತೆಲುಗಿನಲ್ಲಿ ‘ನಮ್ಮ’ ಎನ್ನಲು ಎರಡು ಪದ. ‘ಮಾ’ ಅಂದರೆ ನಮ್ಮದು, ನಿಮ್ಮದಲ್ಲ. ‘ಮನ’ ಅಂದರೆ ಕೇಳುತ್ತಿರುವ ನಿಮ್ಮನ್ನೂ ಸೇರಿಸಿ ನಮ್ಮದು. ಇದು ತಿಳಿದದ್ದೇ ಅವನು ಹಿಗ್ಗಿಬಿಟ್ಟ. ಅವರ ಕಡೆ ‘ಉನ್ಹು’ ಎನ್ನುತ್ತಾರಂತೆ. ಮನುಷ್ಯತನ ಒಬ್ಬೊಬ್ಬರೇ ಇಟ್ಟುಕೊಳ್ಳುವ ಸ್ವತ್ತಲ್ಲ, ಜೊತೆಗಿರುವವರಿಂದ ಸಿಗುವಂಥದ್ದು ಅಂತ. ಯೇಸು ಎಲ್ಲರ ಜೊತೆ ಕೂತು ಉಂಡಿದ್ದೂ ಅದಕ್ಕೇ ಅಲ್ಲವೇ ಎಂದು ವಾದಿಸುತ್ತಿದ್ದ. ಆಮೇಲೆ ಅವನಿಗೆ ಎಲ್ಲವೂ ‘ಮನ’. ಮನ ಅಮ್ಮ, ಮನ ಊರು. ನನ್ನ ತಂಗಿ ಸುಗುಣ ‘ಮನ ಚೆಲ್ಲೆಲು’, ನಮ್ಮೆಲ್ಲರ ತಂಗಿ.

ಭಾನುವಾರ ಸುಗುಣಳನ್ನು ನೋಡಲು ಗೌರಿಬಿದನೂರಿನಿಂದ ಗಂಡಿನ ಕಡೆಯವರು ಬಂದಿದ್ದರು. ತೆಂಡಾಯಿ ಅಂಗಿಯ ತೋಳು ಮಡಚಿಕೊಂಡು ನೀರು, ಕಾಫಿ ಅಂತ ಓಡಾಡುತ್ತಿದ್ದ. ಗಂಡಿನ ದೊಡ್ಡಪ್ಪ ಅವನನ್ನೇ ನೋಡುತ್ತಾ ನನ್ನತ್ತ ಬಗ್ಗಿ ಕೇಳಿದರು: “ಮನೋಡೇನಾ?”

ನಮ್ಮವನೇನಾ? ನಮ್ಮ ಕಡೆ ಜಾತಿ ಕೇಳುವುದೇ ಹೀಗೆ. (ಚರ್ಚಿಗೆ ಹೋಗುವವರು ಕೇಳುವುದಿಲ್ಲವೇ? ಚೆನ್ನಾಗಿಯೇ ಕೇಳುತ್ತೇವೆ.) ಇವನಿಂದಾಗಿ ಸಂಬಂಧ ತಪ್ಪಿಹೋದರೆ? ಹಲ್ಲು ಕಿರಿದು ಹೇಳಿದೆ: “ಮನೋಡು ಕಾದಂಡಿ.” ನಮ್ಮವನಲ್ಲ, ಏನೋ ಚರ್ಚಿಗೆ ಬಂದುಹೋಗುತ್ತಿರುತ್ತಾನೆ ಎಂದೂ ಸೇರಿಸಿದೆ.

ಕಾಫಿ ಹಿಡಿದು ಅವನು ಹಿಂದೆಯೇ ನಿಂತಿದ್ದ. ಲೋಟ ನನ್ನ ಕೈಗೆ ಕೊಟ್ಟ. ಉಳಿದವರಿಗೂ ಕೊಟ್ಟು ಮುಗಿಸಿದ. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, “ಮೀ ಚೆಲ್ಲೆಲಿಕಿ ಮಂಚಿ ಸಂಬಂಧಂ, ಅಣ್ಣಾ” ಎಂದ. ನಿಮ್ಮ ತಂಗಿಗೆ ಒಳ್ಳೆಯ ಸಂಬಂಧ. ಅವತ್ತು ಬೆಳಿಗ್ಗೆಯವರೆಗೂ ಅವಳು ಅವನ ತಂಗಿಯೂ ಆಗಿದ್ದಳು.

ಬುಧವಾರ ಬೆಂಗಳೂರು ಬಸ್ಸು ಹತ್ತಿದನಂತೆ. ಟ್ರೈನಿಂಗ್ ಇನ್ನೂ ಒಂದು ತಿಂಗಳಿತ್ತು. ಎಸ್‌ಟಿಡಿ ಬೂತಿನಿಂದ ಅವನ ಹಾಸ್ಟೆಲಿಗೆ ಎರಡು ಸಲ ಫೋನ್ ಮಾಡಿದೆ. ಲೈನಿಗೆ ಬರಲಿಲ್ಲ.

ನಿನ್ನೆ ದೊಡ್ಡಪ್ಪನವರ ಕಾಗದ ಬಂತು. ಹುಡುಗಿ ಒಪ್ಪಿಗೆ. ಕೊನೆಗೊಂದು ಮಾತು: ಆ ಹುಡುಗ ಮನೆಮಗನ ಹಾಗೆ ಓಡಾಡುತ್ತಿದ್ದುದು ನೋಡಿ ಸಂತೋಷವಾಗಿ ‘ಮನೋಡೇನಾ’ ಎಂದು ಕೇಳಿದೆ, ಮದುವೆಯಲ್ಲಿ ಪ್ರಾರ್ಥನೆ ಅವನಿಂದಲೇ ಮಾಡಿಸಿ ಅಂತ. ಅಯ್ಯೋ ನನ್ನ ಕರ್ಮವೇ. ಜಾತಿ, ಬಣ್ಣ ಎಲ್ಲ ಇದ್ದದ್ದು ನನ್ನ ಕಿವಿಯಲ್ಲಿ! ಸುಗುಣ ಕಾಗದ ಓದಿ ನನ್ನ ಮುಂದಿಟ್ಟು ಹೋದಳು.

ಈಗ ಮದುವೆಯ ಪ್ರಾರ್ಥನೆ ನನ್ನ ತಲೆಯ ಮೇಲೆ ಬಿದ್ದಿದೆ. ಕನ್ನಡದಲ್ಲೇ ಮಾಡುತ್ತೇನೆ. ಕನ್ನಡದ ‘ನಮ್ಮ’ದಲ್ಲಿ ಯಾರು ಒಳಗೆ, ಯಾರು ಹೊರಗೆ ಎಂದು ಗೊತ್ತಾಗುವುದಿಲ್ಲ, ನನ್ನಂಥ ಹೇಡಿಗೆ ಅನುಕೂಲ. ಆದರೂ ‘ನಮ್ಮ ತಂದೆಯೇ’ ಎಂದು ಬಾಯಿ ತೆರೆದಾಗ, ಆ ‘ನಮ್ಮ’ದೊಳಗೆ ನಾನಾದರೂ ಇರುತ್ತೇನೆಯೇ?